ಸಹಿ ನಂದು, ಗಂಟಲು ಅಪ್ಪಂದು

ದಿನಕ್ಕೆ ಕಮ್ಮಿ ಅಂದ್ರೂ ನಾಲ್ಕು ಕಡೆ ನಾನು ‘ಐ ಅಗ್ರೀ’ ಒತ್ತುತ್ತೇನೆ. ಆ್ಯಪ್ ಅಪ್‌ಡೇಟು, ಬ್ಯಾಂಕಿನ ಹೊಸ ನಿಯಮ, ಕಂಪನಿಯ ಯಾವುದೋ ಕಡ್ಡಾಯ ಟ್ರೇನಿಂಗು. ಓದಿ ಒತ್ತಿದ್ದು ಒಂದೂ ನೆನಪಿಲ್ಲ. ನೀವೂ ಅಷ್ಟೇ ಅಂದುಕೊಂಡಿದ್ದೇನೆ.

ಹೋದ ವರ್ಷ ಶ್ರಾವಣದ ಒಂದು ರಾತ್ರಿ ಬೆಂಗಳೂರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲ ಹೊರಗೆ ನಿಂತು ಮೂರು ಪುಟದ ಕಾಗದಕ್ಕೂ ಹಾಗೇ ಸಹಿ ಹಾಕಿದೆ. ಸಹಿ ನಂದು. ಕೊಳವೆ ಇಳಿಯೋದು ಮಾತ್ರ ಅಪ್ಪನ ಗಂಟಲಲ್ಲಿ.

ನಮ್ಮದು ಮದ್ದೂರು ಕಡೆಯ ಒಂದು ಹಳ್ಳಿ. ಎರಡೂವರೆ ಎಕರೆ, ವಿ.ಸಿ. ನಾಲೆ ನೀರು, ಸ್ವಲ್ಪ ಕಬ್ಬು, ಸ್ವಲ್ಪ ಭತ್ತ. ಆವತ್ತು ಸಾಯಂಕಾಲ ಅವ್ವ ಫೋನ್ ಮಾಡಿ, “ನಿಮ್ಮಪ್ಪ ರಕ್ತ ಕಾರ್ಕೊಂಡ ಕಣ್ಲಾ ಮಗ” ಅಂದಾಗ ನಾನು ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡುತ್ತಿದ್ದೆ. ಭಾವ ಅಪ್ಪನನ್ನು ಆಂಬುಲೆನ್ಸಿನಲ್ಲಿ ಕರೆತರುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಅಪ್ಪನಿಗೆ ಅರ್ಧಂಬರ್ಧ ಎಚ್ಚರ. ಯಾರನ್ನೋ ಗದ್ದೆಗೆ ನೀರು ಬಿಡು ಅನ್ನುತ್ತಿದ್ದ.

ಡ್ಯೂಟಿ ಡಾಕ್ಟರು ನನಗಿಂತ ಚಿಕ್ಕವರು. ಅನ್ನನಾಳದ ಒಳಗೋಡೆಯಲ್ಲಿ ರಕ್ತನಾಳಗಳು ಊದಿಕೊಂಡಿವೆ, ಒಂದು ಒಡೆದಿದೆ, ಎಂಡೋಸ್ಕೋಪಿ ಮಾಡಿ ರಬ್ಬರ್ ಬ್ಯಾಂಡ್ ಬಿಗಿಯಬೇಕು ಅಂದರು. “ರಿಸ್ಕ್ ಎಲ್ಲಾ ಇದರಲ್ಲಿ ಬರೆದಿದೆ ಸರ್, ಇಲ್ಲೊಂದು ಸೈನ್, ಇಲ್ಲೊಂದು.” ಮಾಡದಿದ್ದರೆ ಅಪ್ಪ ಬೆಳಗಿನತನಕ ಉಳಿಯೋದು ಅನುಮಾನ ಅನ್ನೋದು ಅವರ ಮುಖದಲ್ಲೇ ಇತ್ತು. ಹಾಕಿದೆ. ಆ ಸಹಿಯ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅಪ್ಪ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ, ಯಾರಾದರೂ ಹಾಕಲೇಬೇಕಿತ್ತು. ಐದು ಬ್ಯಾಂಡ್ ಹಾಕಿದರು, ರಕ್ತ ನಿಂತಿತು.

ನನ್ನ ತಪ್ಪು ಶುರುವಾಗಿದ್ದು ಮಾರನೆ ದಿನ, ಅಪ್ಪ ಕಣ್ಣು ಬಿಟ್ಟ ಮೇಲೆ.

“ಏನ್ ಮಾಡುದ್ರುಲಾ ಒಳಗೆ?” ಅಂತ ಕೇಳಿದ.

ಅಷ್ಟೊತ್ತಿಗೆ ಕಾರಿಡಾರಿನಲ್ಲಿ ನಾನು, ಅಕ್ಕ, ಭಾವ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದೆವು. ಅಪ್ಪನಿಗೆ ಲಿವರ್ ಸಿರೋಸಿಸ್. ಅಪ್ಪ ಜನ್ಮದಲ್ಲಿ ಕುಡಿದವನಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಲಿವರಿನಲ್ಲಿ ಕೊಬ್ಬು, ಅದು ಸದ್ದಿಲ್ಲದೆ ಗಟ್ಟಿಯಾಗುತ್ತಾ ಬಂದಿದೆ. ಹೆಪಟೈಟಿಸ್ ಬಿ, ಸಿ ವೈರಸ್‌ನಿಂದಲೂ ಹೀಗಾಗುತ್ತದೆ. ಆದರೆ ಊರಿನಲ್ಲಿ ‘ಲಿವರ್’ ಅಂದರೆ ಒಂದೇ ಅರ್ಥ. “ಕದ್ದು ಕುಡೀತಿದ್ದ ಅಂತಾರೆ, ಸುಮ್ನೆ ಹೊಟ್ಟೆ ಹುಣ್ಣು ಅಂದ್ಬುಡನ” ಅಂದ ಭಾವ. ಅಕ್ಕ ಇನ್ನೊಂದು ಮಾತು ಸೇರಿಸಿದಳು: “ಇದೆಲ್ಲ ಹೇಳುದ್ರೆ ಅಪ್ಪ ಎದ್ದು ಊರಿಗೆ ಹೊಂಟೋಯ್ತದೆ.” ನನಗೂ ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ, ಹೇಳುವ ಕೆಲಸ ತಪ್ಪಿತಲ್ಲ ಅಂತ ಸಮಾಧಾನ ಆಯಿತು.

“ಏನಿಲ್ಲಪ್ಪ, ಹೊಟ್ಟೆ ಹುಣ್ಣಿತ್ತು. ಸರಿ ಮಾಡಿದ್ದಾರೆ.”

ಸಹಿ ಹಾಕಿದ ಕಾಗದದ ಫೋಟೋ ನನ್ನ ಮೊಬೈಲಿನಲ್ಲಿತ್ತು. ಆ ರಾತ್ರಿ ವಾರ್ಡಿನ ಕುರ್ಚಿಯಲ್ಲಿ ಕೂತು ಓದಿದೆ. ಎದೆನೋವು, ನುಂಗಲು ಕಷ್ಟ, ಜ್ವರ, ಸೋಂಕು, ಬ್ಯಾಂಡ್ ಉದುರಿದ ಜಾಗದಲ್ಲಿ ಹುಣ್ಣು, ಆ ಹುಣ್ಣಿನಿಂದ ಮತ್ತೆ ರಕ್ತಸ್ರಾವ, ಅನ್ನನಾಳ ಕಿರಿದಾಗುವುದು, ಅಪರೂಪಕ್ಕೆ ತೂತಾಗುವುದು, ಸಾವು. ನಮ್ಮ ಪ್ರೊಡಕ್ಟಿನ ರಿಲೀಸ್ ನೋಟ್ಸ್ ಕೊನೆಯಲ್ಲಿ ‘ನೋನ್ ಇಷ್ಯೂಸ್’ ಅಂತ ಹಾಕುತ್ತೇವಲ್ಲ, ಥೇಟ್ ಹಾಗೆ ಸಾಲಾಗಿ ಇದ್ದವು. ಎಲ್ಲ ಇಂಗ್ಲಿಷಿನಲ್ಲಿ.

ಮೂರನೇ ದಿನ ಅಪ್ಪ ಎದೆ ಉಜ್ಜಿಕೊಳ್ಳುತ್ತಿದ್ದ. “ಇಲ್ಲಿ ಇಡ್ಕೊಂಡಂಗಾಯ್ತದೆ” ಅಂದ. ನರ್ಸನ್ನು ಕೇಳಿದೆ. ಇಸಿಜಿ ನೋಡಿ ಹೃದಯದ್ದೇನೂ ಅಲ್ಲ, ಬ್ಯಾಂಡ್ ಹಾಕಿದ ಮೇಲೆ ಬಹಳ ಜನಕ್ಕೆ ಒಂದೆರಡು ದಿನ ಹೀಗಾಗುತ್ತೆ ಅಂದರು. ಬ್ಯಾಂಡಿನ ವಿಷಯವನ್ನೇ ಅಪ್ಪನಿಗೆ ಹೇಳಿಲ್ಲವಲ್ಲ, “ಗ್ಯಾಸು ಕಣಪ್ಪ” ಅಂದೆ.

ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ವಾರ ಸಾಫ್ಟ್ ಡಯಟ್ ಅಂತಿತ್ತು. ಅವ್ವನಿಗೆ, “ಮೆತ್ತಗಿರೋದು ಕೊಡು” ಅಂದೆ. ನಮ್ಮ ಕಡೆ ಮುದ್ದೆಗಿಂತ ಮೆತ್ತಗಿನದು ಯಾವುದಿದೆ? ಅದನ್ನು ಅಗಿಯೋದೂ ಇಲ್ಲ, ತುತ್ತು ಮಾಡಿ ಸಾರಿನಲ್ಲಿ ಅದ್ದಿ ನುಂಗೋದು. ಊರಿಗೆ ಹೋದ ನಾಲ್ಕನೇ ದಿನದಿಂದ ಅಪ್ಪ ಬಿಸಿ ಮುದ್ದೆ ಶುರು ಮಾಡಿದ. ಅವ್ವ ನನ್ನ ಮಾತನ್ನು ಒಂದಕ್ಷರ ಮೀರಿರಲಿಲ್ಲ.

ಬ್ಯಾಂಡ್ ಹಾಕಿದ ಹನ್ನೊಂದನೇ ದಿನ ಬೆಳಿಗ್ಗೆ ಅಪ್ಪ ಕೊಟ್ಟಿಗೆ ಹತ್ತಿರ ತಲೆ ತಿರುಗಿ ಬಿದ್ದ. ಮತ್ತೆ ಆಂಬುಲೆನ್ಸು, ಮತ್ತೆ ಬೆಂಗಳೂರು. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಬ್ಯಾಂಡ್ ಉದುರಿದ ಜಾಗದ ಹುಣ್ಣು ರಕ್ತ ಸೋರಿಸುತ್ತಿತ್ತು. ಕಾಗದದಲ್ಲಿದ್ದ ಆ ಸಾಲು.

ಈ ಸಲ ಇದ್ದದ್ದು ಹಿರಿಯ ಡಾಕ್ಟರು. ಮುದ್ದೆಯಿಂದ ಆಯ್ತಾ ಅಂತ ಕೇಳಿದೆ. “ಹಾಗೆ ಹೇಳೋಕೆ ಬರಲ್ಲ. ಗಂಜಿ ಕುಡಿದುಕೊಂಡಿದ್ದರೂ ಕೆಲವರಿಗೆ ಆಗುತ್ತೆ. ನಮ್ಮ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ” ಅಂದರು. ಆಮೇಲೆ ಚೀಟಿ ನೋಡುತ್ತಾ, “ಎರಡು ದಿನದಿಂದ ಟಾರಿನ ಥರ ಕಪ್ಪಗೆ ಹೋಗ್ತಿತ್ತಂತಲ್ಲ, ಯಾಕೆ ಕರ್ಕೊಂಡು ಬರ್ಲಿಲ್ಲ?” ಅಂದರು.

ಯಾಕೆಂದರೆ ಅದನ್ನು ಕಂಡಿದ್ದು ಅಪ್ಪ ಒಬ್ಬನೇ. ಅಪ್ಪ ಅದನ್ನು ರಾಗಿ ಮುದ್ದೆಯ ಬಣ್ಣ ಅಂದುಕೊಂಡಿದ್ದ. ಹೊಟ್ಟೆಯೊಳಗೆ ರಕ್ತ ಹೋದರೆ ಮಲ ಕಪ್ಪಗಾಗುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ನಾನು ತೊಂಬತ್ತು ಕಿಲೋಮೀಟರು ದೂರ ಇದ್ದೆ. ಮಾನಿಟರಿಂಗ್ ಸಿಸ್ಟಮ್ ಕಟ್ಟಿ, ಅಲರ್ಟ್ ಹೋಗುವ ಲಿಸ್ಟಿನಿಂದ ಆನ್‌ಕಾಲ್ ಇರುವವನ ಹೆಸರನ್ನೇ ತೆಗೆದುಹಾಕಿದ ಹಾಗೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈದಿರುತ್ತಿದ್ದೆ.

ಅಪ್ಪ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಹೇಗೆ ಹೇಳೋದು ಅಂತ ರಾತ್ರಿಯೆಲ್ಲ ಯೋಚನೆ ಮಾಡಿದ್ದೆ. ಕೊನೆಗೆ ಹೊಳೆದದ್ದು ನಾಲೆ.

“ಹೊಟ್ಟೆ ಕಡೆಯಿಂದ ರಕ್ತ ಎಲ್ಲ ಒಂದು ದೊಡ್ಡ ನಾಲೆಯಲ್ಲಿ ಲಿವರಿಗೆ ಹೋಗುತ್ತಪ್ಪ. ನಿನ್ನ ಲಿವರು ಗಟ್ಟಿಯಾಗಿ ನಾಲೆ ಮುಂದೆ ಹೂಳು ತುಂಬಿದಂಗಾಗಿದೆ. ನೀರು ಹಿಂದಕ್ಕೆ ಒತ್ತಿ, ಪಕ್ಕದ ಸಣ್ಣ ಕಾಲುವೆಗಳಿಗೆ ನುಗ್ತಾ ಇದೆ. ಅನ್ನ ಇಳಿಯೋ ಕೊಳವೆ ಪಕ್ಕದಲ್ಲಿರೋ ಕಾಲುವೆಗಳು ಅಷ್ಟು ನೀರು ತಡೆಯಲ್ಲ. ಊದ್ಕೊಂಡು, ಒಂದು ಕಡೆ ಬದು ಒಡೀತು.”

ಅಪ್ಪ ಸೂರು ನೋಡುತ್ತಾ ಕೇಳಿಸಿಕೊಂಡ. “ಅದುಕ್ಕೆ ರಬ್ಬರು ಕಟ್ಟುದ್ರಾ?”

“ಹೂಂ. ಊದಿದ ಜಾಗನ ಕೊಳವೆಯೊಳಕ್ಕೆ ಎಳೆದು ಬುಡಕ್ಕೆ ರಬ್ಬರ್ ಹಾಕ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಒಣಗುತ್ತೆ. ಒಂದು ವಾರ ಹತ್ತು ದಿನದಲ್ಲಿ ರಬ್ಬರ್ ಸಮೇತ ಉದುರುತ್ತೆ. ಉದುರಿದ ಕಡೆ ಹುಣ್ಣಾಗುತ್ತೆ. ಅದು ಎಲ್ಲರಿಗೂ ಆಗುತ್ತೆ, ಸಾಮಾನ್ಯವಾಗಿ ತಾನೇ ಮಾಯುತ್ತೆ. ನೂರರಲ್ಲಿ ಕೆಲವರಿಗೆ ಮಾತ್ರ ಅದು ರಕ್ತ ಸೋರುತ್ತೆ. ನಿನಗೆ ಆಗಿದ್ದು ಅದೇ.”

“ಉದುರಿದ ರಬ್ಬರು ಎಲ್ಲೋಯ್ತದೆ?”

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಟ್ಟೆಗಿಳಿದು ಮಲದಲ್ಲಿ ಹೋಗುತ್ತೆ ಅಂದೆ. ಅಪ್ಪ ನಕ್ಕ. ಆಮೇಲೆ ಕೇಳಿದ್ದು ಇನ್ನೂ ಚೆನ್ನಾಗಿತ್ತು: “ಬದು ಕಟ್ಟುದ್ರು ಸರಿ. ಹೂಳು ಎತ್ನಿಲ್ವಲ್ಲ. ನೀರು ಇನ್ನೊಂದು ಕಡೆ ಒಡೀತದೆ.”

ನಾನು ನಾಲ್ಕು ದಿನ ಇಂಗ್ಲಿಷ್ ಲೇಖನ ಓದಿ ಅರ್ಥ ಮಾಡಿಕೊಂಡಿದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಹೇಳಿದ. ಬ್ಯಾಂಡಿಂಗ್ ಒಂದು ವರ್ಕ್‌ಅರೌಂಡ್, ಮೂಲ ಸಮಸ್ಯೆಗೆ ಫಿಕ್ಸ್ ಅಲ್ಲ. ಒತ್ತಡ ಹಾಗೇ ಇರುತ್ತದೆ. ಅದಕ್ಕೇ ಎರಡು ನಾಲ್ಕು ವಾರಕ್ಕೊಮ್ಮೆ, ಊದಿದ ನಾಳಗಳು ಕಾಣದಂತಾಗುವವರೆಗೆ ಬ್ಯಾಂಡ್ ಹಾಕುತ್ತಾರೆ. ಆಮೇಲೂ ಆಗಾಗ ಇಣುಕಿ ನೋಡಬೇಕು. ಜೊತೆಗೆ ಪ್ರೊಪ್ರನೊಲಾಲ್‌ನಂಥ ಮಾತ್ರೆ. ಅದು ತೂಬು ಸ್ವಲ್ಪ ಇಳಿಸಿ ನೀರಿನ ಜೋರು ಕಮ್ಮಿ ಮಾಡಿದ ಹಾಗೆ. ಅದಕ್ಕೂ ಅದರದ್ದೇ ಅಡ್ಡ ಪರಿಣಾಮ: ಸುಸ್ತು, ತಲೆ ತಿರುಗು, ನಾಡಿ ನಿಧಾನ.

“ಇದ ಬುಟ್ಟು ಬ್ಯಾರೆ ದಾರಿ ಇಲ್ವಾ?” ಅಂದ. ಇದೇ ಮೇಲಿನ ದಾರಿ ಅಂದೆ. ಮೊದಲು ಊದಿದ ನಾಳಕ್ಕೆ ಸೂಜಿಯಿಂದ ಔಷಧಿ ಚುಚ್ಚಿ ಗಟ್ಟಿ ಮಾಡುತ್ತಿದ್ದರು. 1939ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಮತ್ತು ಫ್ರೆಂಕ್ನರ್ ಎಂಬ ಡಾಕ್ಟರುಗಳು ಶುರು ಮಾಡಿದ್ದು, 1970–80ರ ದಶಕದಲ್ಲಿ ಎಲ್ಲ ಕಡೆ ಹರಡಿತು. ರಕ್ತ ನಿಲ್ಲುತ್ತಿತ್ತು. ಆದರೆ ಔಷಧಿ ಪಕ್ಕದ ಮಾಂಸಕ್ಕೂ ಇಳಿದು ಆಳವಾದ ಹುಣ್ಣು, ಜ್ವರ, ಶ್ವಾಸಕೋಶದ ಸುತ್ತ ನೀರು ಆಗುತ್ತಿತ್ತು. ಮಾಯುವಾಗ ಅನ್ನನಾಳ ಕಿರಿದಾಗಿ, ಕೆಲವರಿಗೆ ಅನ್ನವೇ ಇಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಸ್ಟೀಗ್ಮನ್ ಎಂಬ ಸರ್ಜನ್, ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕುವ ಹಳೇ ಉಪಾಯವನ್ನೇ ಅನ್ನನಾಳಕ್ಕೆ ತಂದರು. 1992ರಲ್ಲಿ ಎರಡನ್ನೂ ಹೋಲಿಸಿದ ಅವರ ಅಧ್ಯಯನ ಪ್ರಕಟವಾಯಿತು. ಬ್ಯಾಂಡಿನಲ್ಲಿ ತೊಂದರೆ ಕಮ್ಮಿ ಅಂತ ಗೊತ್ತಾಯಿತು.

ಕಮ್ಮಿ, ಅಷ್ಟೇ. ಇಲ್ಲವೇ ಇಲ್ಲ ಅಂತಲ್ಲ. ಅಡ್ಡ ಪರಿಣಾಮ ಅಂದರೆ ಯಾರದೋ ತಪ್ಪು ಅಂದುಕೊಂಡಿದ್ದೆ. ಎಷ್ಟೋ ಸಲ ಅದು ಬೆಲೆ. ದೊಡ್ಡ ಸಾವಿಗೆ ಬದಲಾಗಿ ಸಣ್ಣ ಹುಣ್ಣು. ವ್ಯಾಪಾರ ಒಳ್ಳೆಯದೇ. ಆದರೆ ದುಡ್ಡು ಕೊಡುವವನಿಗೇ ಬಿಲ್ ತೋರಿಸದೆ ವ್ಯಾಪಾರ ಮುಗಿಸಿದ್ದೆವು.

ಆಮೇಲೆ ಅಪ್ಪ ಒಂದು ವಿಷಯ ಹೇಳಿದ. ಮೊದಲ ಸಲ ಎದೆ ಹಿಡಿದುಕೊಂಡಿತ್ತಲ್ಲ, ಆ ರಾತ್ರಿ ಅವನು ಮಲಗಿರಲಿಲ್ಲ. ಹಾರ್ಟ್ ಅಟ್ಯಾಕು, ಇವರೆಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಅಂದುಕೊಂಡನಂತೆ. ಬೆಳಗಾಗೋದರೊಳಗೆ ಹೋಗಿಬಿಡ್ತೀನಿ, ಸೊಸೈಟಿ ಸಾಲದ ವಿಷಯ ನಿನಗೆ ಹೇಳಬೇಕು ಅಂತ ಎರಡು ಸಲ ಎದ್ದು ಕೂತನಂತೆ. ನಾನು ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ ಅಂದ.

ಹೆದರಬಾರದು ಅಂತ ತಾನೇ ಮುಚ್ಚಿಟ್ಟಿದ್ದು? “ಬ್ಯಾಂಡ್ ಹಾಕಿದ್ದಾರೆ, ಎರಡು ದಿನ ಎದೆ ಹಿಡ್ಕೊಳ್ಳುತ್ತೆ” ಅನ್ನೋ ಒಂದು ಸಾಲು ಸಾಕಿತ್ತು. ಆ ಸಾಲಿನ ಜಾಗವನ್ನು ಖಾಲಿ ಬಿಟ್ಟೆವು. ಖಾಲಿ ಜಾಗದಲ್ಲಿ ಅಪ್ಪ ತನಗೆ ಗೊತ್ತಿದ್ದ ದೊಡ್ಡ ಭಯವನ್ನು ತುಂಬಿಕೊಂಡ.

ಇದರಲ್ಲಿ ನಾವೊಬ್ಬರೇ ಅಲ್ಲ. ಬ್ರಿಟನ್ನಿನಲ್ಲಿ ನಾಡೀನ್ ಮಾಂಟ್ಗೊಮರಿ ಎಂಬ ಸಕ್ಕರೆ ಕಾಯಿಲೆಯ ಬಸುರಿಗೆ, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ನೂರಕ್ಕೆ ಒಂಬತ್ತು ಹತ್ತರಷ್ಟಿದೆ ಅಂತ ಡಾಕ್ಟರು ಹೇಳಿರಲಿಲ್ಲ. ಹೇಳಿದರೆ ಇಂಥ ಹೆಂಗಸರೆಲ್ಲ ಸಿಸೇರಿಯನ್ನೇ ಕೇಳುತ್ತಾರೆ ಅನ್ನುವುದು ಡಾಕ್ಟರ ವಾದ. ‘ಅಪ್ಪ ಎದ್ದು ಊರಿಗೆ ಹೊಂಟೋಯ್ತದೆ’ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಭುಜ ಸಿಕ್ಕಿಕೊಂಡಿತು, ಮಗುವಿಗೆ ಶಾಶ್ವತ ಹಾನಿಯಾಯಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಕೆಯ ಪರ ತೀರ್ಪು ಕೊಟ್ಟಿತು. ಯಾವ ಅಪಾಯ ಮುಖ್ಯ ಅನ್ನೋದನ್ನು ಡಾಕ್ಟರ ಜಾಗದಲ್ಲಿ ನಿಂತು ಅಳೆಯಬಾರದು, ರೋಗಿಯ ಜಾಗದಲ್ಲಿ ನಿಂತು ಅಳೆಯಬೇಕು ಅನ್ನೋದು ಅದರ ಸಾರ.

ನಮ್ಮ ದೇಶದಲ್ಲಿ 2008ರ ಸಮೀರಾ ಕೊಹ್ಲಿ ಪ್ರಕರಣ ಇದೆ. ಪರೀಕ್ಷೆಗಾಗಿ ಅರಿವಳಿಕೆ ಕೊಟ್ಟಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಆಕೆಯ ಗರ್ಭಕೋಶ ತೆಗೆದಿದ್ದರು. ಆಕೆ ವಯಸ್ಕಳು, ಎಚ್ಚರವಾದ ಮೇಲೆ ಕೇಳಬಹುದಿತ್ತು, ಪ್ರಾಣಾಪಾಯ ಇರಲಿಲ್ಲ, ಹಾಗಾಗಿ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂದಿತು ನಮ್ಮ ಸುಪ್ರೀಂ ಕೋರ್ಟು. ಜೊತೆಗೆ, ತೀರಾ ಅಪರೂಪದ ಅಪಾಯಗಳನ್ನೆಲ್ಲ ಡಾಕ್ಟರು ಪಟ್ಟಿ ಮಾಡಿ ಹೆದರಿಸಬೇಕಾಗಿಲ್ಲ ಅಂತಲೂ ಹೇಳಿತು. ಎರಡೂ ಮಾತು ನನಗೆ ಬೇಕಾಗಿತ್ತು. ಹೆತ್ತವಳ ಸಹಿಗೇ ಆ ಬೆಲೆ ಅಂದಮೇಲೆ, ಎಚ್ಚರ ಇರುವ ಅಪ್ಪನ ಪರವಾಗಿ ತೀರ್ಮಾನ ಮಾಡಲು ಮಗನಿಗೆ ಯಾವ ಹಕ್ಕು?

ಇದಕ್ಕೊಂದು ಎದುರು ವಾದ ಇದೆ, ಅದನ್ನು ತಳ್ಳಿಹಾಕಲಾರೆ. ನಮ್ಮ ಮನೆಗಳಲ್ಲಿ ಕಾಯಿಲೆ ಒಬ್ಬರದ್ದಲ್ಲ. ಖರ್ಚು ಒಬ್ಬರದ್ದು, ಓಡಾಟ ಇನ್ನೊಬ್ಬರದ್ದು, ಗಂಜಿ ಮಾಡೋದು ಮತ್ತೊಬ್ಬರು. ಭಯವನ್ನೂ ಹಂಚಿಕೊಳ್ಳೋದು ಪ್ರೀತಿಯೇ. ಮೂರು ಪುಟದ ಪಟ್ಟಿಯನ್ನು ಹಾಸಿಗೆ ಹಿಡಿದವನ ಮುಂದೆ ಓದೋದು ಸತ್ಯಸಂಧತೆ ಅಲ್ಲ, ‘ನಾನು ಹೇಳಿದ್ದೆ, ಇನ್ನು ನಿನ್ನ ಹಣೆಬರಹ’ ಅಂತ ಕೈ ತೊಳೆದುಕೊಳ್ಳೋದು. ಆ ಕಾಗದ ಕೂಡ ಬಹುಪಾಲು ಅದಕ್ಕೇ ಇರೋದು. ಅಕ್ಕನ ಸುಳ್ಳಿನಲ್ಲಿ ಅದಕ್ಕಿಂತ ಹೆಚ್ಚು ಕರುಣೆ ಇತ್ತು.

ಆದರೂ ನಾನು ಒಂದು ಗೆರೆ ಎಳೆಯುತ್ತೇನೆ. ಭಯ ಹಂಚಿಕೊಳ್ಳೋದು ಬೇರೆ, ಕೆಲಸ ಕಿತ್ತುಕೊಳ್ಳೋದು ಬೇರೆ. ನಮ್ಮೂರಲ್ಲಿ ನೀರಗಂಟಿ ಇರುತ್ತಿದ್ದ. ಯಾವ ತೂಬು ಎಷ್ಟು ಎತ್ತಿದೆ, ಯಾವ ಬದು ಮೆತ್ತಗಾಗಿದೆ ಅಂತ ರಾತ್ರಿ ಲಾಟೀನು ಹಿಡಿದು ನೋಡುವವನು ಅವನು. ಅವನಿಗೆ ಹೇಳದೆ ತೂಬು ಎತ್ತಿ, ಪಾಪ ಅವನ ನಿದ್ದೆ ಯಾಕೆ ಕೆಡಿಸೋದು ಅಂದರೆ ಊರು ಒಪ್ಪುತ್ತಿತ್ತೇ? ಆ ಗಂಟಲಿಗೆ, ಆ ಹೊಟ್ಟೆಗೆ ಅಪ್ಪನೇ ನೀರಗಂಟಿ. ಕಪ್ಪು ಬಣ್ಣ ಕಾಣೋದು ಅವನಿಗೆ. ತುತ್ತು ಸಿಕ್ಕಿಕೊಂಡದ್ದು ಗೊತ್ತಾಗೋದು ಅವನಿಗೆ. ಅಡ್ಡ ಪರಿಣಾಮ ಹೇಳೋದೆಂದರೆ ಭಯ ಹೇಳೋದು ಅಂದುಕೊಂಡಿದ್ದೆ. ಅದು ಅವನ ಪಾಲಿನ ಕೆಲಸ ಅವನಿಗೆ ಕೊಡೋದು ಅಂತ ಆರು ಗ್ರಾಂ ಹಿಮೋಗ್ಲೋಬಿನ್ ನೋಡಿದ ಮೇಲೆ ತಿಳಿಯಿತು.

ಒಂದು ತಿಂಗಳು ಬಿಟ್ಟು ಎರಡನೇ ಸಲ ಬ್ಯಾಂಡ್ ಹಾಕಿಸಲು ಹೋದಾಗ ಅಪ್ಪನೇ ಡಾಕ್ಟರ ಮುಂದೆ ಕೂತ. ಎಷ್ಟು ರಬ್ಬರು, ಎಷ್ಟು ದಿನಕ್ಕೆ ಉದುರುತ್ತೆ, ಮುದ್ದೆ ಯಾವಾಗ, ಕಪ್ಪಗೆ ಹೋದರೆ ಯಾವ ನಂಬರಿಗೆ ಫೋನ್ ಮಾಡೋದು, ನಾಲ್ಕು ಪ್ರಶ್ನೆ ಕೇಳಿದ. ಮೊದಲೆರಡು ದಿನ ತಣ್ಣಗಿನ ನೀರುಮಜ್ಜಿಗೆ, ಗಂಜಿ. ಆಮೇಲೆ ನುಣ್ಣಗೆ ಕಿವುಚಿದ ಅನ್ನ. ಹುಣ್ಣು ಮಾಯಲು ಪ್ಯಾಂಟೊಪ್ರಜೋಲ್ ಮಾತ್ರೆ. ಮುದ್ದೆ ಮೂರು ವಾರ ಬೇಡ. ಅಪ್ಪ ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡು ಕಾದ. ಕಾಗದಕ್ಕೆ ಸಹಿಯನ್ನೂ ಅವನೇ ಹಾಕಿದ. ಆ ಸಲ ಎರಡು ದಿನ ಎದೆ ಹಿಡಿದುಕೊಂಡಿತು, ಅಷ್ಟೇ. “ರಬ್ಬರು ಬಿಗೀತಾ ಅದೆ” ಅಂತ ಅವ್ವನಿಗೆ ತಾನೇ ಸಮಾಧಾನ ಹೇಳಿದನಂತೆ. ಹೇಳಿದ್ದರಿಂದ ರಕ್ತ ಸೋರಲಿಲ್ಲ ಅಂತ ನಾನು ವಾದಿಸುವುದಿಲ್ಲ. ಹುಣ್ಣಿಗೆ ನಮ್ಮ ನೀತಿ ಗೊತ್ತಿಲ್ಲ.

ಅವತ್ತು ವಾಪಸ್ ಬರುವಾಗ ಕಾರಿನಲ್ಲಿ, ಲಿವರಿನ ಬಗ್ಗೆ ಡಾಕ್ಟರು ಬೇರೆಯಾಗಿ ಹೇಳಿದ್ದನ್ನೂ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಇನ್ನು ಎಷ್ಟು ವರ್ಷ ಅನ್ನೋ ಲೆಕ್ಕ ಅದು. ಅಪ್ಪ ಕೈ ಅಡ್ಡ ಹಿಡಿದ.

“ಅದು ಬ್ಯಾಡ ಕಣ್ಲಾ. ನಾನು ಏನ್ ನೋಡ್ಕಬೇಕೋ ಅಷ್ಟು ಏಳಿದ್ದೀಯ. ಅದುನ್ನ ತಿಳ್ಕೊಂಡು ನಾನೇನ್ ಮಾಡ್ಲಿ? ನೀನ್ ಮಡಿಕ್ಕೊ.”

ಮಡಿಕ್ಕೊಂಡಿದ್ದೇನೆ. ಇವತ್ತಿಗೂ ನನಗೆ ಗೊತ್ತಿರುವ ಒಂದು ವಿಷಯ ಅಪ್ಪನಿಗೆ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ಮೊದಲಿನ ಹಾಗೇ ಕಾಣುತ್ತದೆ. ಆದರೆ ಮೊದಲು ಬೇಲಿ ಹಾಕಿದ್ದು ನಾವು, ಈಗ ಹಾಕಿದ್ದು ಅಪ್ಪ. ಎಲ್ಲಿ ಹಾಕಬೇಕು ಅಂತ ಅವನನ್ನು ಕೇಳಲು ನನಗೆ ಹನ್ನೊಂದು ದಿನ ಮತ್ತು ಮೂರು ಬಾಟಲಿ ರಕ್ತ ಬೇಕಾಯಿತು. ನಿಮಗೂ ಯಾವತ್ತಾದರೂ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರಾದರೂ ಪೆನ್ನು ಕೊಡುತ್ತಾರೆ. ಒಳಗಿರುವವರಿಗೆ ಎಚ್ಚರ ಇದ್ದರೆ, ಆ ಪೆನ್ನು ಹಿಡಿದುಕೊಂಡು ಮೊದಲು ಅವರ ಹತ್ತಿರ ಹೋಗಿ. ಎಷ್ಟು ಹೇಳಲಿ ಅಂತ ಕೇಳಿ.